18.2 ಕಿಲೋಹರ್ಟ್ಸ್ ಲೂಪ್ ಆಂಟೆನಾ: ಕಟ್ಟಿದ್ದು ಮತ್ತು ಕೆಟ್ಟಿದ್ದು

ಸ್ಥಳ: ಚಿಕ್ಕಬಳ್ಳಾಪುರದ ಊರಾಚೆ, ಶಿಡ್ಲಘಟ್ಟ ರಸ್ತೆ ಕಡೆಯ ಒಂದು ಮನೆಯ ತಾರಸಿ.
ಕೆಲಸ: ಸೂರ್ಯನಲ್ಲಿ ಫ್ಲೇರ್ (ದಿಢೀರ್ ಸ್ಫೋಟ) ಎದ್ದಾಗ ಅಯಾನುಗೋಳದ, ಅಂದರೆ ಮೇಲಿನ ವಾತಾವರಣದಲ್ಲಿ ವಿದ್ಯುತ್ ಕಣ ತುಂಬಿದ ಭಾಗದ, ಡಿ ಪದರದಲ್ಲಿ ಆಗುವ ಏರುಪೇರನ್ನು ಹಗಲೆಲ್ಲ ಬರೆದಿಡುವ ರಿಸೀವರ್.
ಸ್ಥಿತಿ: ಓಡುತ್ತಿದೆ. ಬಾಕಿ ಕೆಲಸ ಕೊನೆಯಲ್ಲಿದೆ.

ಡಿ ಪದರ ಇರುವುದು ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ. ಬಲೂನು ಅಲ್ಲಿಯವರೆಗೆ ಏರುವುದಿಲ್ಲ. ಉಪಗ್ರಹ ಅಷ್ಟು ಕೆಳಗೆ ಇಳಿದರೆ ಗಾಳಿಯ ಎಳೆತಕ್ಕೆ ಸಿಕ್ಕಿ ಸುಟ್ಟುಹೋಗುತ್ತದೆ. ಒಳಹೊಕ್ಕು ಅಳೆಯುವುದು ಸೌಂಡಿಂಗ್ ರಾಕೆಟ್ಟಿನಿಂದ ಮಾತ್ರ ಆಗುವ ಕೆಲಸ. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಊರಿನಿಂದ ನೈಕಿ-ಅಪಾಚಿ ರಾಕೆಟ್ ಹಾರಿದಂದಿನಿಂದ ನಮ್ಮಲ್ಲೂ ಮೇಲಿನ ವಾತಾವರಣಕ್ಕೆ ರಾಕೆಟ್ ಕಳಿಸುವುದು ನಡೆದೇ ಇದೆ. ತೊಡಕು ಏನೆಂದರೆ, 110 ಕಿಲೋಮೀಟರ್ ಮುಟ್ಟಿ ಬೀಳುವ ರಾಕೆಟ್ಟು ಏರುವಾಗ ಡಿ ಪದರವನ್ನು ಒಂದು ನಿಮಿಷದೊಳಗೆ ದಾಟಿಬಿಡುತ್ತದೆ. ಫ್ಲೇರ್ ಹೇಳಿ ಕೇಳಿ ಬರುವುದಿಲ್ಲ. ಹಗಲಿಡೀ ಕಾಯುವುದಕ್ಕೆ ನೆಲದ ಮೇಲೆ ಏನಾದರೂ ಬೇಕು. ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವ ವಿಎಲ್‌ಎಫ್ (ಬಹಳ ಕಡಿಮೆ ಕಂಪನಾಂಕದ ರೇಡಿಯೊ) ಸ್ಟೇಷನ್ನುಗಳ ಅಲೆ ನೆಲಕ್ಕೂ ಡಿ ಪದರದ ತಳಕ್ಕೂ ನಡುವೆ ಪುಟಿಯುತ್ತ ಸಾಗುತ್ತದೆ. ತಳ ಮೇಲೆ ಕೆಳಗೆ ಸರಿದರೆ ಇಲ್ಲಿ ಸಿಗುವ ಸಿಗ್ನಲ್ಲಿನ ಬಲ ಬದಲಾಗುತ್ತದೆ. ಆ ಬಲವನ್ನು ಐದೈದು ಸೆಕೆಂಡಿಗೆ ಬರೆದಿಟ್ಟರೆ ಕೆಲಸ ಆಯಿತು. ಥಿಯರಿ ಇಷ್ಟು ಸಾಕು.

ಹಂತ 1: ಸ್ಟೇಷನ್ ಮತ್ತು ದಿಕ್ಕು

ಮುಖ್ಯ ಸ್ಟೇಷನ್ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿರುವ ನಮ್ಮ ನೌಕಾಪಡೆಯ ವಿಟಿಎಕ್ಸ್, 18.2 ಕಿಲೋಹರ್ಟ್ಸ್. ಅದರ ರೇಖಾಂಶವೂ ಚಿಕ್ಕಬಳ್ಳಾಪುರದ್ದೂ ಹೆಚ್ಚುಕಡಿಮೆ ಒಂದೇ, 77.7 ಡಿಗ್ರಿ. ಹಾಗಾಗಿ ಸ್ಟೇಷನ್ ನೇರ ದಕ್ಷಿಣಕ್ಕೆ, ಸುಮಾರು 560 ಕಿಲೋಮೀಟರ್ ದೂರ. ತುಮಕೂರಿನಿಂದ ಅದು ಏಳು ಡಿಗ್ರಿ ಪೂರ್ವಕ್ಕೆ, ಕೋಲಾರದಿಂದ ನಾಲ್ಕೈದು ಡಿಗ್ರಿ ಪಶ್ಚಿಮಕ್ಕೆ ವಾಲುತ್ತದೆ. ಲೂಪಿಗೆ ಅಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ.

ಎರಡನೆಯದು ಆಸ್ಟ್ರೇಲಿಯದ ಎನ್‌ಡಬ್ಲ್ಯುಸಿ: 19.8 ಕಿಲೋಹರ್ಟ್ಸ್, 1 ಮೆಗಾವಾಟ್. ಇಲ್ಲಿಂದ 5,600 ಕಿಲೋಮೀಟರ್, ದಿಕ್ಕು 134 ಡಿಗ್ರಿ, ಅಂದರೆ ಆಗ್ನೇಯ. ಲೂಪನ್ನು ಉತ್ತರ-ದಕ್ಷಿಣಕ್ಕೆ ಕಟ್ಟಿದರೆ ವಿಟಿಎಕ್ಸ್ ಪೂರ್ತಿ ಸಿಗುತ್ತದೆ, ಎನ್‌ಡಬ್ಲ್ಯುಸಿ ನೂರಕ್ಕೆ ಎಪ್ಪತ್ತರಷ್ಟು. ಒಂದೇ ಲೂಪಿನಲ್ಲಿ ಎರಡೂ ಆಗುತ್ತವೆ.

ಇಲ್ಲೇ ಬಹಳ ಜನ ಎಡವುವುದು. ಡಿಶ್ ಆಂಟೆನಾ ರೂಢಿಯಲ್ಲಿ ಲೂಪಿನ ಅಗಲ ಮುಖವನ್ನು ಸ್ಟೇಷನ್ ಕಡೆ ತಿರುಗಿಸುತ್ತಾರೆ. ಆಗ ಸಿಗ್ನಲ್ ಹೆಚ್ಚುಕಡಿಮೆ ಸೊನ್ನೆ. ಲೂಪಿನ ಅಂಚು ಸ್ಟೇಷನ್ ಕಡೆ ಇರಬೇಕು. ನಮ್ಮ ಲೆಕ್ಕಕ್ಕೆ ಅಂಚು ಉತ್ತರ-ದಕ್ಷಿಣ, ಮುಖ ಪೂರ್ವ-ಪಶ್ಚಿಮ.

ದಿಕ್ಕು ನೋಡಲು ದಿಕ್ಸೂಚಿ ತಾರಸಿಯ ಮೇಲೆ ನಂಬಿಕೆಗೆ ಯೋಗ್ಯವಲ್ಲ. ಮೋಲ್ಡಿನೊಳಗಿನ ಕಂಬಿ ಮುಳ್ಳನ್ನು ಎಳೆಯುತ್ತದೆ. ಎರಡು ಹೆಜ್ಜೆ ಸರಿದರೆ ಉತ್ತರವೇ ಬೇರೆ ತೋರಿಸುತ್ತದೆ. ತೂಗುಗುಂಡಿನ ದಾರದ ನೆರಳು ನಡುಹಗಲಲ್ಲಿ ಬೀಳುವ ಗೆರೆ ಸರಿಯಾದ ಉತ್ತರ-ದಕ್ಷಿಣ. ಇಲ್ಲಿ ಸೂರ್ಯನ ನಡುಹಗಲು ಗಡಿಯಾರದ 12 ಗಂಟೆಗಲ್ಲ. ಸರಾಸರಿ 12:19, ವರ್ಷದ ದಿನಕ್ಕೆ ತಕ್ಕಂತೆ 12:03ರಿಂದ 12:33ರ ನಡುವೆ ಓಡಾಡುತ್ತದೆ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಸೂರ್ಯ ನೆತ್ತಿಯ ಮೇಲೆ ಬರುವುದರಿಂದ ನೆರಳೇ ಇರುವುದಿಲ್ಲ. ಆ ವಾರಗಳಲ್ಲಿ ಫೋನಿನ ಮ್ಯಾಪಿನಲ್ಲಿ ತಾರಸಿಯ ಗೋಡೆಯ ಗೆರೆ ನೋಡಿ ಹೊಂದಿಸಿಕೊಳ್ಳುವುದು ಲೇಸು.

ಹಂತ 2: ಚೌಕಟ್ಟು ಮತ್ತು ಸುತ್ತು

ಚೌಕ ಲೂಪ್, ಬದಿ 1 ಮೀಟರ್, 50 ಸುತ್ತು. ಕೂಡಿಸು ಗುರುತಿನ (+) ಹಾಗೆ ಎರಡು ರೀಪರ್ ಅಡ್ಡ ಹಾಕಿದರೆ ಚೌಕಟ್ಟು ಆಯಿತು. ಕರ್ಣ 1.414 ಮೀಟರ್ ಬರುವುದರಿಂದ ಒಂದೊಂದು ರೀಪರ್ 1.42 ಮೀಟರಿಗೆ ಕೊಯ್ಯಬೇಕು. ಅಗಲ 2 ಇಂಚು, ದಪ್ಪ 1 ಇಂಚು. ನಡುವೆ ಅರ್ಧರ್ಧ ಕಚ್ಚು ಹೊಡೆದು ಫೆವಿಕಾಲ್ ಹಾಕಿ ಒಂದು 6 ಮಿಲಿಮೀಟರ್ ಬೋಲ್ಟು. ಹಸಿ ನೀಲಗಿರಿ ಬೇಡ. ಬಿಸಿಲಿಗೆ ತಿರುಚಿಕೊಂಡು ತಂತಿ ಸಡಿಲವಾಗುತ್ತದೆ. ಹಳೆಯ ಬಾಗಿಲಿನ ಒಣ ಮರ ಸಿಕ್ಕರೆ ಅದೇ ವಾಸಿ.

ತಂತಿ: ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತೂಕದ ಮೇಲೆ ಸಿಗುವ 24 ಗೇಜ್ ಎನಾಮಲ್ ತಾಮ್ರ, ದಪ್ಪ 0.56 ಮಿಲಿಮೀಟರ್. ಬೇಕಾಗುವ ಉದ್ದ 200 ಮೀಟರ್, ತೂಕ 440 ಗ್ರಾಂ. ಅರ್ಧ ಕೆಜಿ ಕೊಂಡರೆ ತುದಿಗಳಿಗೂ ಸಾಲುತ್ತದೆ. ಸುತ್ತಿದ ಮೇಲೆ ಮಲ್ಟಿಮೀಟರಿನಲ್ಲಿ 14 ಓಮ್ ತೋರಿಸಬೇಕು.

ಮೊದಲ ಸುತ್ತು ಕೆಟ್ಟಿದ್ದು ಮೂಲೆಗಳಲ್ಲಿ. ತಂತಿ ಕೂರಲು ರೀಪರ್ ತುದಿಗೆ 1 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಸ್ಕ್ರೂ ಹಾಕಿತ್ತು. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದ ಅಂಚು ಹರಿತ. ಬಿಗಿಯಾಗಿ ಎಳೆದ ಕಡೆ ಎನಾಮಲ್ ಕಿತ್ತು ಪಕ್ಕದ ಸುತ್ತಿಗೆ ತಾಗಿತು. ಇದನ್ನು ಮಲ್ಟಿಮೀಟರ್ ಹಿಡಿಯುವುದಿಲ್ಲ. ಒಂದು ಸುತ್ತು ಶಾರ್ಟ್ ಆದರೆ ಕಡಿಮೆಯಾಗುವುದು 0.28 ಓಮ್ ಮಾತ್ರ, ಅದು ಮೀಟರಿನ ಪ್ರೋಬ್ ಒತ್ತುವುದರಲ್ಲೇ ಮುಚ್ಚಿಹೋಗುತ್ತದೆ. ಎಲ್‌ಸಿಆರ್ ಮೀಟರ್ ಹಾಕಿದರೆ ಗೊತ್ತಾಗುತ್ತದೆ: ಲೆಕ್ಕದ ಪ್ರಕಾರ 9 ಮಿಲಿಹೆನ್ರಿ ಇರಬೇಕಾದ ಕಡೆ ಸಂಖ್ಯೆ ಇಳಿಯುತ್ತದೆ, ಕ್ಯೂ ಬೆಲೆ (ಸುರುಳಿ ಎಷ್ಟು ಚೂಪಾಗಿ ಟ್ಯೂನ್ ಆಗುತ್ತದೆ ಎಂಬ ಅಳತೆ) ಅದಕ್ಕಿಂತ ಜೋರಾಗಿ ಬೀಳುತ್ತದೆ. ಪೂರ್ತಿ ಬಿಚ್ಚಿ, ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಸೈಕಲ್ ಟ್ಯೂಬಿನ ತುಂಡು ಹಾಸಿ ಮತ್ತೆ ಸುತ್ತಿದ ಮೇಲೆ ಸರಿಹೋಯಿತು. ಸುತ್ತುವಾಗ ಒಬ್ಬರು ರೀಲ್ ಹಿಡಿದು ಬಿಡಬೇಕು, ಒಬ್ಬರು ಚೌಕಟ್ಟು ತಿರುಗಿಸಬೇಕು. ಒಬ್ಬರೇ ಕೂತರೆ ತಂತಿ ಗಂಟು ಬೀಳುತ್ತದೆ, ಗಂಟು ಬಿದ್ದ ಕಡೆ ಎನಾಮಲ್ ಸಿಡಿಯುತ್ತದೆ.

ನಿಲ್ಲಿಸಲು ಸಿಮೆಂಟ್ ತುಂಬಿದ 20 ಲೀಟರ್ ಪೇಂಟ್ ಬಕೆಟ್, ಅದರಲ್ಲಿ ಹೂತ ಕಂಬ. ಲೂಪಿನ ಕೆಳಮೂಲೆ ಮೋಲ್ಡಿನಿಂದ 1 ಮೀಟರಾದರೂ ಮೇಲಿರಲಿ. ಕಂಬಿಗೆ ಹತ್ತಿರವಾದಷ್ಟೂ ಸಿಗ್ನಲ್ ಕುಗ್ಗುತ್ತದೆ. ಆಷಾಢದ ಗಾಳಿಗೆ ನಾಲ್ಕು ಕಡೆ ನೈಲಾನ್ ಹಗ್ಗ ಕಟ್ಟಲೇಬೇಕು. ಕಬ್ಬಿಣದ ತಂತಿ ಬೇಡ.

ಹಂತ 3: ಟ್ಯೂನ್ ಮಾಡಿದ್ದು, ತೆಗೆದುಹಾಕಿದ್ದು

ಲೂಪಿಗೆ ಅಡ್ಡಲಾಗಿ ಕೆಪಾಸಿಟರ್ ಹಾಕಿ 18.2ಕ್ಕೆ ಟ್ಯೂನ್ ಮಾಡಿದರೆ ಸಿಗ್ನಲ್ ಹತ್ತಾರು ಪಟ್ಟು ಏರುತ್ತದೆ. 9 ಮಿಲಿಹೆನ್ರಿಗೆ ಬೇಕಾದದ್ದು ಒಟ್ಟು 8.5 ನ್ಯಾನೋಫ್ಯಾರಡ್. ಅದರಲ್ಲಿ ಸುರುಳಿಯದೇ ಒಂದಷ್ಟು ಇರುತ್ತದೆ. 6.8 ನ್ಯಾನೋಫ್ಯಾರಡ್ ಡಿಸ್ಕ್ ಸೆರಾಮಿಕ್ ಹಾಕಿ, ಚಿಕ್ಕವನ್ನು ಸೇರಿಸುತ್ತ ಸ್ಪೆಕ್ಟ್ರಮ್ (ಯಾವ ಕಂಪನಾಂಕದಲ್ಲಿ ಎಷ್ಟು ಬಲ ಎಂಬ ಚಿತ್ರ) ನೋಡಿ ಹೊಂದಿಸಿದ್ದಾಯಿತು.

ಗ್ರಾಫ್ ಸೊಗಸಾಗಿ ಬಂತು. ಬೆಳಿಗ್ಗೆ ಮೇಲೆ, ನಡುಹಗಲು ತಗ್ಗು, ಸಂಜೆ ಮತ್ತೆ ಮೇಲೆ. ಡಿ ಪದರದ ದಿನಚರಿ ಎಂದು ನಂಬಿಬಿಡುವಷ್ಟು ನುಣುಪು. ಅದು ಡಿ ಪದರವೇ ಅಲ್ಲ, ಕೆಪಾಸಿಟರಿಗೆ ಬಿಸಿಲು ತಗುಲಿದ್ದು.

ಸಾಮಾನ್ಯ ಡಿಸ್ಕ್ ಸೆರಾಮಿಕ್ ಬಿಸಿಯಾದರೆ ಬೆಲೆ ಇಳಿಯುತ್ತದೆ. ನೂರಕ್ಕೆ 10 ಇಳಿದರೂ ಟ್ಯೂನಿಂಗ್ ನೂರಕ್ಕೆ 5 ಮೇಲೆ ಸರಿಯುತ್ತದೆ, ಅಂದರೆ 900 ಹರ್ಟ್ಸ್. ಲೂಪಿನ ಕ್ಯೂ 50 ಎಂದಿಟ್ಟುಕೊಂಡರೆ ಅದು ಹಿಡಿಯುವ ಅಗಲವೇ 360 ಹರ್ಟ್ಸ್. ನಡುಹಗಲಿಗೆ ವಿಟಿಎಕ್ಸ್ ಆ ಕಿಟಕಿಯಿಂದ ಆಚೆ ಹೋಗಿರುತ್ತದೆ. ಸುಳಿವು ಕೊಟ್ಟಿದ್ದು 19.8ರ ಗೆರೆ: ವಿಟಿಎಕ್ಸ್ ಇಳಿಯುವ ಹೊತ್ತಿಗೇ ಎನ್‌ಡಬ್ಲ್ಯುಸಿ ಏರುತ್ತಿತ್ತು, ಎರಡರ ಏರಿಳಿತ ಒಂದಕ್ಕೊಂದು ತಲೆಕೆಳಗಾದ ಪಡಿಯಚ್ಚು. ಖಾತ್ರಿಗೆ ನಡುಹಗಲಲ್ಲಿ ಡಬ್ಬಿಯ ಮೇಲೆ ಒದ್ದೆ ಗೋಣಿಚೀಲ ಹಾಕಲಾಯಿತು. ಹತ್ತು ನಿಮಿಷದಲ್ಲಿ ವಿಟಿಎಕ್ಸ್ ಮೇಲೆ ಬಂತು, ಎನ್‌ಡಬ್ಲ್ಯುಸಿ ಕೆಳಗಿಳಿಯಿತು. ಡಿ ಪದರಕ್ಕೆ ಗೋಣಿಚೀಲದ ಹಂಗಿಲ್ಲ.

ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಆದರೂ ಟ್ಯೂನಿಂಗನ್ನೇ ತೆಗೆದದ್ದು ಒಳ್ಳೆಯದಾಯಿತು. ಒಂದೇ ಸ್ಟೇಷನ್ ಸಿಗುವ ಲೂಪಿನಲ್ಲಿ ತಾಳೆ ನೋಡಲು ಇನ್ನೊಂದು ಗೆರೆ ಇರುವುದಿಲ್ಲ. ತಾಳೆ ಇಲ್ಲದೆ ಈ ತಪ್ಪು ಹೊರಗೇ ಬರುತ್ತಿರಲಿಲ್ಲ.

ಹಂತ 4: ಪ್ರೀಆಂಪ್

ಟ್ಯೂನ್ ಮಾಡದ ಈ ಲೂಪಿನಲ್ಲಿ ಪ್ರತಿ ಮೀಟರಿಗೆ 1 ಮಿಲಿವೋಲ್ಟ್ ಬಲದ ಅಲೆಗೆ ಹುಟ್ಟುವುದು 19 ಮೈಕ್ರೋವೋಲ್ಟ್. ಅದನ್ನು ಹೆಚ್ಚಿಸುವ ಸರ್ಕ್ಯೂಟೇ ಪ್ರೀಆಂಪ್. ಅದಕ್ಕೆ ಎನ್ಇ5532 ಒಂದೇ ಐಸಿ ಸಾಕು, ಒಳಗೆ ಎರಡು ಆಂಪ್ ಇವೆ. ಬೆಂಗಳೂರು ಎಸ್‌ಪಿ ರೋಡಿನಲ್ಲಿ 30 ರೂಪಾಯಿಯೊಳಗೆ ಸಿಗುತ್ತದೆ.

ಮೊದಲ ಆಂಪಿನ ಗೇನ್ (ಹೆಚ್ಚಿಸುವ ಪಟ್ಟು) 48 (4.7 ಕಿಲೋಓಮ್ ಮತ್ತು 100 ಓಮ್), ಎರಡನೆಯದು 11 (10 ಕಿಲೋಓಮ್ ಮತ್ತು 1 ಕಿಲೋಓಮ್). ಒಟ್ಟು 528. ಎರಡರ ನಡುವೆಯೂ ಕೊನೆಯಲ್ಲೂ 10 ನ್ಯಾನೋಫ್ಯಾರಡ್, 10 ಕಿಲೋಓಮ್ ಜೋಡಿ. ಇದು 1,600 ಹರ್ಟ್ಸ್ ಕೆಳಗಿನದನ್ನು ಕತ್ತರಿಸುತ್ತದೆ. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಒಂದೊಂದು ಜೋಡಿಯಲ್ಲೂ ಮೂವತ್ತರಲ್ಲೊಂದು ಪಾಲಾಗುತ್ತದೆ. 12 ವೋಲ್ಟಿನ ಅರ್ಧ ಭಾಗ ಮಾಡಲು ಎರಡು 10 ಕಿಲೋಓಮ್, ನಡುಬಿಂದುವಿಗೆ 100 ಮೈಕ್ರೋಫ್ಯಾರಡ್. ಇನ್‌ಪುಟ್ಟಿಗೆ ಅಡ್ಡಲಾಗಿ ತಿರುಗುಮುರುಗು ಎರಡು 1ಎನ್4148 ಡಯೋಡ್. ದೂರದ ಸಿಡಿಲಿನ ಏಟಿಗೆ ಐಸಿ ಸಾಯದಿರಲು ಇದು ಬೇಕು. ಹತ್ತಿರದ ಸಿಡಿಲಿಗೆ ಇದರಿಂದ ಏನೂ ಆಗುವುದಿಲ್ಲ, ಪ್ಲಗ್ ಕೀಳುವುದೊಂದೇ ಉಪಾಯ.

ಮೊದಲ ಬೋರ್ಡಿಗೆ ಇಯರ್‌ಫೋನ್ ಹಾಕಿದರೆ ಆಕಾಶವಾಣಿ ಕೇಳಿಸಿತು. ಬೆಂಗಳೂರಿನ 612 ಕಿಲೋಹರ್ಟ್ಸ್ ಮೀಡಿಯಂ ವೇವ್ ಇಲ್ಲಿಗೆ ಐವತ್ತು ಕಿಲೋಮೀಟರ್ ಸುತ್ತಳತೆಯಲ್ಲೇ ಇದೆ. ಬಲವಾದ ಸಿಗ್ನಲ್ ಐಸಿಯ ಇನ್‌ಪುಟ್ಟಿನಲ್ಲೇ ಡಿಟೆಕ್ಟ್ ಆಗುತ್ತದೆ. ಹಾಡು ಬರುವಾಗ 18.2ರ ಗೆರೆಯೂ ಕುಣಿಯುತ್ತದೆ. ಇನ್‌ಪುಟ್ಟಿಗೆ 1 ಕಿಲೋಓಮ್ ಸರಣಿಯಲ್ಲಿ, 2.2 ನ್ಯಾನೋಫ್ಯಾರಡ್ ಗ್ರೌಂಡಿಗೆ ಹಾಕಿದ ಮೇಲೆ 612 ಎಂಟರಲ್ಲೊಂದು ಪಾಲಿಗಿಂತ ಕೆಳಗಿಳಿಯಿತು, ಹಾಡು ನಿಂತಿತು. ಈ ಎರಡು ಬಿಡಿಭಾಗ ಐಸಿಯ ಕಾಲಿಗೆ ಅಂಟಿಕೊಂಡೇ ಇರಬೇಕು. ಎರಡು ಇಂಚು ದೂರ ಹಾಕಿದರೆ ನಡುವಿನ ತಂತಿಯೇ ಆಂಟೆನಾ ಆಗುತ್ತದೆ.

ಹಂತ 5: ಕೇಬಲ್, ಬ್ಯಾಟರಿ, ತಿರುಗಿಸುವ ಪರೀಕ್ಷೆ

ಪ್ರೀಆಂಪ್ ಲೂಪಿನ ಬುಡದಲ್ಲಿ, ಪಿವಿಸಿ ಜಂಕ್ಷನ್ ಬಾಕ್ಸಿನೊಳಗೆ. ಕೆಳಗಿನ ಕೋಣೆಗೆ 15 ಮೀಟರ್ ಎರಡು ಕೋರಿನ ಶೀಲ್ಡೆಡ್ ಮೈಕ್ ಕೇಬಲ್. ಪವರಿಗೆ ಯುಪಿಎಸ್‌ನಲ್ಲಿ ಬರುವ 12 ವೋಲ್ಟ್ 7 ಎಎಚ್ ಬ್ಯಾಟರಿ. ಎಳೆಯುವುದು 9-10 ಮಿಲಿಆಂಪಿಯರ್ ಅಷ್ಟೆ. ಲೆಕ್ಕಕ್ಕೆ ತಿಂಗಳು ಬಂದರೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಲೆಡ್ ಬ್ಯಾಟರಿ ಬೇಗ ಸಾಯುವುದರಿಂದ ಎರಡು ವಾರಕ್ಕೊಮ್ಮೆ ಚಾರ್ಜು. ಅಡಾಪ್ಟರ್ ಹಾಕಿದರೆ ಈ ಗೋಳಿಲ್ಲ, ಆದರೆ ಅಗ್ಗದ ಅಡಾಪ್ಟರಿನ ಗಲಾಟೆ ನೇರ ಲೂಪಿಗೇ ಬಂದು ಸೇರುತ್ತದೆ.

ಎಲ್ಲ ಜೋಡಿಸಿದ ಮೇಲೆ ಮೊದಲು ಮಾಡಬೇಕಾದದ್ದು ಲೂಪನ್ನು 90 ಡಿಗ್ರಿ ತಿರುಗಿಸಿ ನೋಡುವುದು. ವಿಟಿಎಕ್ಸ್ ಗೆರೆ 15 ಡೆಸಿಬಲ್ ಆದರೂ ಬೀಳಬೇಕು. ಇಲ್ಲಿ ಬಿದ್ದದ್ದು 4. ಅಂದರೆ ಸಿಗ್ನಲ್ಲಿನ ದೊಡ್ಡ ಪಾಲು ಲೂಪಿನಿಂದ ಬರುತ್ತಲೇ ಇರಲಿಲ್ಲ. ಕೇಬಲಿನ ಶೀಲ್ಡು ಒಂದು ಕಡೆ ಪ್ರೀಆಂಪ್ ಗ್ರೌಂಡಿಗೆ, ಇನ್ನೊಂದು ಕಡೆ ಲ್ಯಾಪ್‌ಟಾಪ್ ಚಾರ್ಜರ್ ಮೂಲಕ ಮನೆಯ ಅರ್ತಿಗೆ ಸೇರಿ, 15 ಮೀಟರ್ ಕೇಬಲ್ಲೇ ಆಂಟೆನಾ ಆಗಿತ್ತು. ಸೌಂಡ್ ಕಾರ್ಡಿನ ಮುಂದೆ 600:600 ಓಮ್ ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕಿ, ಶೀಲ್ಡನ್ನು ಪ್ರೀಆಂಪ್ ಕಡೆ ಮಾತ್ರ ಕಟ್ಟಿ, ಕೆಟ್ಟ ಎಸ್‌ಎಂಪಿಎಸ್‌ನಿಂದ ಕಿತ್ತ ಫೆರೈಟ್ ಬಳೆಗೆ ಕೇಬಲನ್ನು ಎಂಟು ಸುತ್ತು ಸುತ್ತಿದ ಮೇಲೆ ಬೀಳುವಿಕೆ 17 ಡೆಸಿಬಲಿಗೆ ಬಂತು. ಈ ಪರೀಕ್ಷೆ ಪಾಸಾಗದೆ ಮುಂದಿನ ಹಂತಕ್ಕೆ ಹೋಗುವುದು ವ್ಯರ್ಥ.

ಹಂತ 6: ಸೌಂಡ್ ಕಾರ್ಡ್

48 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್ ಇದ್ದರೆ 24ರ ತನಕ ಕಾಣಬೇಕು, 18.2, 19.8 ಎರಡೂ ಅದರೊಳಗೇ ಬರುತ್ತವೆ. 200 ರೂಪಾಯಿಯ ಯುಎಸ್‌ಬಿ ಕಡ್ಡಿ ಎರಡು ಕಡೆ ಕೈಕೊಟ್ಟಿತು. ಒಂದು, 16 ಕಿಲೋಹರ್ಟ್ಸ್ ದಾಟಿದ ಮೇಲೆ ಅದರ ಕಿವಿ ಮಂದ. ಇದನ್ನು ಕೊಳ್ಳುವ ದಿನವೇ ಪರೀಕ್ಷಿಸಬಹುದು: ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಇಯರ್‌ಫೋನ್ ಔಟ್‌ಪುಟ್ಟನ್ನು 100 ಕಿಲೋಓಮ್ ಮತ್ತು 100 ಓಮ್ ಜೋಡಿಯಲ್ಲಿ ಸಾವಿರದಲ್ಲೊಂದು ಪಾಲಿಗೆ ಇಳಿಸಿ, 10 ಕಿಲೋಹರ್ಟ್ಸಿಗೂ 18.2ಕ್ಕೂ ಮಟ್ಟ ಹೋಲಿಸಿದರೆ ಆಯಿತು. ಎರಡು, ಆಟೋ ಗೇನ್. ಲಿನಕ್ಸ್‌ನಲ್ಲಿ ಆಲ್ಸಾಮಿಕ್ಸರ್ ತೆರೆದರೆ ಈ ಕಡ್ಡಿಗಳಲ್ಲಿ ಆಟೋ ಗೇನ್ ಕಂಟ್ರೋಲ್ ಆನ್ ಆಗಿಯೇ ಇರುತ್ತದೆ. ವಿಂಡೋಸ್‌ನಲ್ಲಾದರೆ ಎನ್‌ಹಾನ್ಸ್‌ಮೆಂಟ್ ಹೆಸರಿನ ಎಲ್ಲವನ್ನೂ ಆಫ್ ಮಾಡಬೇಕು. ಆಟೋ ಗೇನ್ ಮಾತಿಗೆ ಒಳ್ಳೆಯದು, ನಮಗೆ ವಿಷ: ದೂರದಲ್ಲಿ ಗುಡುಗು ಎದ್ದರೆ ಗೇನ್ ತಾನೇ ಇಳಿದು ಗ್ರಾಫಿನಲ್ಲಿ ಹಳ್ಳ ಬೀಳುತ್ತದೆ.

ಕೊನೆಗೆ ಲೈನ್-ಇನ್ ಇರುವ 1,500 ರೂಪಾಯಿಯ ಕಾರ್ಡು. ಸಾಫ್ಟ್‌ವೇರಿಗೆ ಸ್ಟ್ಯಾನ್‌ಫರ್ಡ್‌ನವರ ಸೂಪರ್‌ಸಿಡ್ ಉಚಿತ. ಸ್ಪೆಕ್ಟ್ರಮ್ ಕಣ್ಣಿಗೆ ಕಾಣುತ್ತಿರಲು ಸ್ಪೆಕ್ಟ್ರಮ್ ಲ್ಯಾಬ್. ಸ್ಟೇಷನ್ನುಗಳ ಸಿಗ್ನಲ್ ಒಂದು ಚೂಪಾದ ಗೆರೆಯಲ್ಲ, 200 ಹರ್ಟ್ಸ್‌ಗಿಂತ ಒಂಚೂರು ಅಗಲ. ಆದ್ದರಿಂದ ನಟ್ಟನಡುವಿನ ಒಂದೇ ಬಿಂದು ಬೇಡ, 18.1ರಿಂದ 18.3ರ ಪಟ್ಟಿಯ ಒಟ್ಟು ಬಲ ತೆಗೆಯಬೇಕು. ಗಡಿಯಾರ ಇಂಟರ್‌ನೆಟ್ಟಿನಿಂದ ಸರಿಮಾಡಿಕೊಳ್ಳುವಂತಿರಲಿ, ಫೈಲಿನಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯವನ್ನೇ ಬರೆಯಿರಿ.

ಹಂತ 7: ಸುಳ್ಳು ಫ್ಲೇರುಗಳು

ಕೆಲಸದ ಮುಕ್ಕಾಲು ಪಾಲು ಇಲ್ಲಿದೆ. ಮಧ್ಯಮ ಫ್ಲೇರಿಗೆ ಸಿಗ್ನಲ್ ಬದಲಾಗುವುದು ಒಂದೆರಡು ಡೆಸಿಬಲ್. ಮನೆಯ, ತೋಟದ ಕರೆಂಟು ಸಾಮಾನುಗಳು ಅದಕ್ಕಿಂತ ದೊಡ್ಡ ಮೆಟ್ಟಿಲನ್ನು ದಿನಾ ಹಾಕುತ್ತವೆ. ಮೇಲಾಗಿ 18,200 ಎನ್ನುವುದು 50ರ 364 ಪಟ್ಟು, 19,800 ಎನ್ನುವುದು 396 ಪಟ್ಟು. ಕರೆಂಟಿನ ಹಾರ್ಮೋನಿಕ್ ನೇರ ನಮ್ಮ ಪಟ್ಟಿಯ ನಡುವೆಯೇ ಬಂದು ಕೂರುತ್ತದೆ.

ಪರಿಹಾರ ಒಂದೇ, ಮತ್ತು ಅದು ಬಿಟ್ಟಿ: ಯಾವ ಸ್ಟೇಷನ್ನೂ ಇಲ್ಲದ 18.5ರಿಂದ 18.7ರ ಪಟ್ಟಿಯನ್ನೂ ಜೊತೆಗೇ ಬರೆದಿಡುವುದು. ಖಾಲಿ ಪಟ್ಟಿ, ವಿಟಿಎಕ್ಸ್ ಎರಡೂ ಒಟ್ಟಿಗೆ ಏರಿದರೆ ಅದು ನೆಲದ ಗಲಾಟೆ. ವಿಟಿಎಕ್ಸ್ ಮಾತ್ರ ಏರಿದರೆ ಆಕಾಶದ ಕಡೆ ನೋಡಬಹುದು. ಈ ಖಾಲಿ ಪಟ್ಟಿ ಇಲ್ಲದ ಹಿಂದಿನ ದಾಖಲೆಯನ್ನೆಲ್ಲ ಅಳಿಸಿಹಾಕಲಾಯಿತು. ಅದರಲ್ಲಿ ಯಾವುದು ನಿಜ ಎಂದು ಈಗ ಬೇರ್ಪಡಿಸುವ ದಾರಿಯಿಲ್ಲ.

ಖಾಲಿ ಪಟ್ಟಿ ಹಿಡಿದುಕೊಟ್ಟ ಕಳ್ಳರು ಇವರು.

ಇಂಡಕ್ಷನ್ ಸ್ಟೌ. 20 ಕಿಲೋಹರ್ಟ್ಸಿನಿಂದ ಮೇಲಕ್ಕೆ ಕೆಲಸ ಮಾಡುತ್ತದೆ, ಪವರ್ ಬಟನ್ ಒತ್ತಿದಂತೆ ಗೆರೆ ಜಾಗ ಬದಲಿಸುತ್ತದೆ. ಬೆಳಿಗ್ಗೆ ಕಾಫಿ ತಿಂಡಿ ಹೊತ್ತಿಗೆ, ರಾತ್ರಿ ಅಡುಗೆ ಹೊತ್ತಿಗೆ ದಿಬ್ಬ. ಅಕ್ಕಪಕ್ಕದ ಮನೆಗೆ ಹೋಗಿ ಅಡುಗೆ ನಿಲ್ಲಿಸಿ ಎನ್ನಲಾಗುವುದಿಲ್ಲ, ಲೂಪನ್ನೇ ಸರಿಸಬೇಕು. ಇಂಥ ಹತ್ತಿರದ ಮೂಲಗಳ ಕಾಂತಬಲ ದೂರದ ಘನಕ್ಕೆ ತಕ್ಕಂತೆ ಇಳಿಯುವುದರಿಂದ 6 ಮೀಟರಿನಲ್ಲಿದ್ದದ್ದು 12ಕ್ಕೆ ಹೋದರೆ ಎಂಟರಲ್ಲೊಂದು ಪಾಲು. ತಾರಸಿಯ ಇನ್ನೊಂದು ಮೂಲೆಗೆ ಸರಿಸಿದ್ದರಿಂದ ದಿಬ್ಬ ಹೋಯಿತು.

ತೋಟದ ಲೈನಿಗೆ ತ್ರೀ ಫೇಸ್ ಬಿಡುವ ಹೊತ್ತು. ಸುತ್ತಲ ಬೋರ್‌ವೆಲ್ ಸ್ಟಾರ್ಟರುಗಳು ಒಟ್ಟಿಗೆ ಎತ್ತಿಕೊಳ್ಳುತ್ತವೆ. ಖಾಲಿ ಪಟ್ಟಿ ಮೆಟ್ಟಿಲಿನಂತೆ ಏರಿ, ಕರೆಂಟು ಹೋಗುವ ತನಕ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಮದ್ದಿಲ್ಲ, ಲೆಕ್ಕದಲ್ಲಿ ಕಳೆಯಬೇಕು. ಕಳೆಯುವಾಗ ಡೆಸಿಬಲಿನಲ್ಲಿ ಕಳೆಯಬಾರದು. ಎರಡನ್ನೂ ಮೊದಲು ಪವರಿಗೆ ತಿರುಗಿಸಿ, ಕಳೆದು, ಆಮೇಲೆ ಡೆಸಿಬಲ್ ಮಾಡಬೇಕು.

ಮನೆಯ ಯುಪಿಎಸ್. ಕರೆಂಟು ಹೋದ ಕೂಡಲೇ ಸ್ಪೆಕ್ಟ್ರಮ್ ತುಂಬ ನೂರು ನೂರು ಹರ್ಟ್ಸಿಗೆ ಒಂದು ಗೆರೆ. ಯುಪಿಎಸ್ ಮೇಲಿನ ದಾಖಲೆಗೆ ಗುರುತು ಹಾಕಿ ಬಿಟ್ಟುಬಿಡುವುದು ಸುಲಭ.

ತಾರಸಿ ಸೋಲಾರ್ ಇನ್‌ವರ್ಟರ್. ಇದು ಎಲ್ಲಕ್ಕಿಂತ ಕೆಟ್ಟದ್ದು. ಸೂರ್ಯನ ಜೊತೆಗೇ ಏಳುತ್ತದೆ, ಸೂರ್ಯನ ಜೊತೆಗೇ ಮಲಗುತ್ತದೆ, ಮೋಡ ಬಂದರೆ ಕುಗ್ಗುತ್ತದೆ. ಡಿ ಪದರದ ಹಗಲಿನ ರೇಖೆಯನ್ನು ಇಷ್ಟು ಚೆನ್ನಾಗಿ ನಟಿಸುವುದು ಬೇರೆ ಯಾವುದೂ ಇಲ್ಲ. ಮೋಡವೇ ಇದರ ಗುಟ್ಟು ಬಿಡುವುದು: ಡಿ ಪದರ ಇರುವುದು ಮೋಡಕ್ಕಿಂತ ಎಷ್ಟೋ ಮೇಲೆ, ಅದಕ್ಕೆ ಮೋಡದ ನೆರಳಿಲ್ಲ.

ಬೇಲಿಯ ಝಟ್ಕಾ ಮಷೀನು ಸೆಕೆಂಡಿಗೊಂದು ಟಕ್ ಅನ್ನುತ್ತದೆ. ಐದು ಸೆಕೆಂಡಿನ ಸರಾಸರಿಯ ಬದಲು ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ತೆಗೆದರೆ ಮಾಯ. ಏಪ್ರಿಲ್-ಮೇ ಸಂಜೆಯ ಗುಡುಗಿನ ಚಟಪಟಕ್ಕೂ ಇದೇ ಮದ್ದು. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಯಾರ ಮನೆಯಲ್ಲಾದರೂ ಇದ್ದರೆ 15,625 ಹರ್ಟ್ಸಿನಲ್ಲಿ ಚೂಪು ಗೆರೆ ಕಾಣುತ್ತದೆ. ಅದು ತೊಂದರೆಯಲ್ಲ, ಸ್ಪೆಕ್ಟ್ರಮಿನ ಅಳತೆ ಸರಿಯಿದೆಯೇ ನೋಡಲು ಪುಕ್ಕಟೆ ಗುರುತು.

ಗೌರಿಬಿದನೂರಿನ ಬಯಲಲ್ಲಿ ಭಾರತೀಯ ಖಭೌತ ಸಂಸ್ಥೆಯವರು ಸೂರ್ಯನ ರೇಡಿಯೊ ಅಲೆ ಹಿಡಿಯಲು ಕಟ್ಟಿರುವ ಆಂಟೆನಾ ಸಾಲುಗಳನ್ನು ನೋಡಿದವರಿಗೆ, ಊರಿನಿಂದ ಅಷ್ಟು ದೂರ ಯಾಕೆ ಹೋದರು ಎಂಬುದು ಈ ಹಂತದಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಹಂತ 8: ನಿಜದ್ದನ್ನು ಗುರುತಿಸುವುದು

ಫ್ಲೇರ್ ಹುಡುಕುವ ಮೊದಲು ಸೂರ್ಯೋದಯ ಕಾಣಬೇಕು. 75 ಕಿಲೋಮೀಟರ್ ಎತ್ತರಕ್ಕೆ ಬಿಸಿಲು ನೆಲಕ್ಕಿಂತ ಅರ್ಧ ಗಂಟೆಗೂ ಮೊದಲೇ ಬೀಳುತ್ತದೆ, ಆದ್ದರಿಂದ ಬದಲಾವಣೆ ಹೊತ್ತು ಹುಟ್ಟುವ ಮುಂಚೆಯೇ ಶುರು. ವಿಟಿಎಕ್ಸ್ ದಾರಿ ಉತ್ತರ-ದಕ್ಷಿಣ ಇರುವುದರಿಂದ ದಾರಿಯುದ್ದಕ್ಕೂ ಬೆಳಗು ಹೆಚ್ಚುಕಡಿಮೆ ಒಟ್ಟಿಗೆ ಆಗುತ್ತದೆ, ಗೆರೆ ಬೇಗ ಜಾಗ ಬದಲಿಸುತ್ತದೆ. ಎನ್‌ಡಬ್ಲ್ಯುಸಿಗೆ ಹಾಗಲ್ಲ. ಆಸ್ಟ್ರೇಲಿಯದಲ್ಲಿ ಬೆಳಗಾಗಿ ಸರಾಸರಿ ಎರಡು ಗಂಟೆಯ ಮೇಲೆ ನಮಗೆ ಬೆಳಗು. ಅಷ್ಟು ಹೊತ್ತೂ ಅದರ ಗೆರೆ ತಗ್ಗು ದಿಣ್ಣೆ ಹತ್ತಿ ಇಳಿಯುತ್ತಿರುತ್ತದೆ. ಎರಡು ಗೆರೆಗಳು ಹೀಗೆ ಬೇರೆ ಬೇರೆ ವರ್ತಿಸಿದರೆ ರಿಸೀವರ್ ಸರಿಯಿದೆ ಎಂದರ್ಥ.

ಫ್ಲೇರಿನ ಆಕಾರ: ಟಿಪ್ಪು ಡ್ರಾಪ್ ಕಡೆಯಿಂದ ನಂದಿ ಬೆಟ್ಟ ಹತ್ತಿ ಮೆಟ್ಟಿಲ ಕಡೆಯಿಂದ ಇಳಿದ ಹಾಗೆ. ಏರುವುದು ಕೆಲವೇ ನಿಮಿಷ, ಇಳಿಯುವುದು ಅರ್ಧ ಗಂಟೆ, ಒಂದು ಗಂಟೆ. ಕೆಲವು ದಾರಿಗಳಲ್ಲಿ ಇದೇ ಆಕಾರ ತಲೆಕೆಳಗಾಗಿಯೂ ಬರುತ್ತದೆ. ಗೋಡೆಯಂತೆ ನೇರ ಬಿದ್ದು ತಳದಲ್ಲಿ ಸಮವಾಗಿ ನಿಂತರೆ ಅದು ಸ್ಟೇಷನ್ ಆಫ್ ಆದದ್ದು. ದುರಸ್ತಿಗೆಂದು ಅವರು ಆಗಾಗ ನಿಲ್ಲಿಸುತ್ತಾರೆ.

ತಾಳೆಗೆ ಅಮೆರಿಕದ ಗೋಸ್ ಉಪಗ್ರಹಗಳ ಎಕ್ಸ್‌ರೇ ಗ್ರಾಫ್, 1ರಿಂದ 8 ಆಂಗ್‌ಸ್ಟ್ರಾಮ್ ಪಟ್ಟಿ. ಫ್ಲೇರಿನ ಹೊತ್ತಲ್ಲಿ ಡಿ ಪದರವನ್ನು ಕೆದಕುವುದು ಎಕ್ಸ್‌ರೇ ಎಂದು ತೋರಿಸಿದ್ದೂ ರಾಕೆಟ್ಟುಗಳೇ. 1956ರಲ್ಲಿ ಅಮೆರಿಕದ ವಿಜ್ಞಾನಿ ಹರ್ಬರ್ಟ್ ಫ್ರೀಡ್‌ಮನ್ ತಂಡ ಬಲೂನಿಗೆ ನೇತುಹಾಕಿ ಮೇಲಿನಿಂದ ಸಿಡಿಸುವ ರಾಕೆಟ್ಟುಗಳನ್ನು ಹಡಗಿನಿಂದ ಬಿಟ್ಟು, ಫ್ಲೇರ್ ನಡೆಯುತ್ತಿರುವಾಗಲೇ ಎಕ್ಸ್‌ರೇ ಹಿಡಿದಿತ್ತು. ನಮ್ಮ ಗೆರೆಯ ತುದಿ ಎಕ್ಸ್‌ರೇ ತುದಿಗಿಂತ ಒಂದೆರಡು ನಿಮಿಷ ಹಿಂದೆ ಬೀಳಬೇಕು. ಮುಂಚೆ ಬಿದ್ದರೆ ಗಡಿಯಾರ ತಪ್ಪಿದೆ.

ಸಮಯದ ಲೆಕ್ಕ ತಪ್ಪುವುದು ಯುಟಿಸಿಗೆ 5:30 ಕೂಡಿಸುವುದರಲ್ಲಿ. ಮೂರು ಉದಾಹರಣೆ ನೋಡಿ (ಎಕ್ಸ್ ಎಂದರೆ ಅತಿ ಬಲವಾದ ಫ್ಲೇರುಗಳ ವರ್ಗ, ಪಕ್ಕದ ಅಂಕಿ ದೊಡ್ಡದಾದಷ್ಟೂ ಬಲ ಹೆಚ್ಚು). 2024ರ ಮೇ 10ರ ಎಕ್ಸ್3.9 ಫ್ಲೇರ್ 06:54 ಯುಟಿಸಿ, ನಮಗೆ 12:24, ನೆತ್ತಿಯ ಸೂರ್ಯ; ಇಂಥದ್ದು ಎರಡೂ ದಾರಿಯಲ್ಲಿ ಕಾಣಬೇಕು. ಮೇ 14ರ ಎಕ್ಸ್8.7 ಅದಕ್ಕಿಂತ ದೊಡ್ಡದು, ಆದರೆ 16:51 ಯುಟಿಸಿ ಎಂದರೆ ನಮಗೆ ರಾತ್ರಿ 10:21. ಕತ್ತಲ ಕಡೆಗೆ ಎಕ್ಸ್‌ರೇ ಬರುವುದಿಲ್ಲ, ಇಲ್ಲಿ ಹುಡುಕಿ ಫಲವಿಲ್ಲ. ಅಕ್ಟೋಬರ್ 3ರ ಎಕ್ಸ್9.0 ಬಂದದ್ದು ಸಂಜೆ 5:48ಕ್ಕೆ, ಹೊತ್ತು ಮುಳುಗಲು ಇಪ್ಪತ್ತು ನಿಮಿಷ ಇರುವಾಗ. ಆಗ ಎನ್‌ಡಬ್ಲ್ಯುಸಿ ದಾರಿಯ ಮುಕ್ಕಾಲು ಪಾಲು ಕತ್ತಲು, ವಿಟಿಎಕ್ಸ್ ದಾರಿಗೆ ಇನ್ನೂ ಬಿಸಿಲು. ಅಂಥ ಹೊತ್ತಲ್ಲಿ ವಿಟಿಎಕ್ಸ್ ಗೆರೆಯನ್ನೇ ನಂಬಬೇಕು, ಅದೂ ಸಂಜೆಯ ಇಳಿತವನ್ನು ಹಿಂದಿನ ದಿನದ ಗ್ರಾಫಿನಿಂದ ಕಳೆದು.

ಧ್ರುವಪ್ರಭೆಯ ಬಗ್ಗೆ ಒಂದು ಮಾತು. 2024ರ ಮೇ 10-11ರ ಕಾಂತ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಿಂದ ಕೆಂಪು ಬೆಳಕಿನ ಫೋಟೊ ಬಂದ ಮೇಲೆ ಈ ರಿಸೀವರಿನಲ್ಲಿ ಅರೋರಾ ಕಾಣುತ್ತದೆಯೇ ಎಂದು ಕೇಳುವವರು ಹೆಚ್ಚಾದರು. ಕಾಣುವುದಿಲ್ಲ. ಅರೋರಾ ಎಬ್ಬಿಸುವ ಎಲೆಕ್ಟ್ರಾನುಗಳು ಇಳಿಯುವುದು ಧ್ರುವಗಳ ಸುತ್ತಲಿನ ಪಟ್ಟಿಗೆ, ನಾವಿರುವುದು ಕಾಂತ ಸಮಭಾಜಕದ ಮಗ್ಗುಲಿಗೆ. ತುಂಬಾವನ್ನು ರಾಕೆಟ್ಟಿಗೆ ಆರಿಸಿಕೊಂಡದ್ದೂ ಆ ರೇಖೆ ಹತ್ತಿರವಿದೆ ಎಂದೇ. ಇಲ್ಲಿ ಸಿಗುವುದು ಬಿರುಗಾಳಿಗೆ ಮುಂಚೆ ಏಳುವ ಫ್ಲೇರಿನ ಗುರುತು ಮಾತ್ರ.

ಖರ್ಚು

ತಂತಿ 550, ರೀಪರ್ ಮತ್ತು ಬೋಲ್ಟು 200, ಐಸಿ 30, ಬಿಡಿಭಾಗ 150, ಡಬ್ಬಿ 60, ಕೇಬಲ್ 375, ಟ್ರಾನ್ಸ್‌ಫಾರ್ಮರ್ 120, ಬ್ಯಾಟರಿ 900, ಸೌಂಡ್ ಕಾರ್ಡ್ 1,500, ಮೂಲೆಗೆ ಬಿದ್ದ ಯುಎಸ್‌ಬಿ ಕಡ್ಡಿ 200. ಒಟ್ಟು 4,085 ರೂಪಾಯಿ. ಲ್ಯಾಪ್‌ಟಾಪ್ ಹಳೆಯದು, ಅದರ ಸ್ಕ್ರೀನ್ ಒಡೆದಿದ್ದರೂ ನಡೆಯುತ್ತದೆ.

ಬಾಕಿ

ಬಾಕ್ಸಿನ ಕೇಬಲ್ ಹೋಗುವ ತೂತಿನಿಂದ ಇರುವೆ ಒಳಗೆ ಸೇರಿ ಬೋರ್ಡಿನ ಮೇಲೆ ಗೂಡು ಕಟ್ಟುತ್ತಿವೆ. ಎಂಸೀಲ್ ಹಾಕಿದರೆ ಒಳಗಿನ ಬೆವರು ಆರುವುದಿಲ್ಲ. ಸದ್ಯಕ್ಕೆ ತಳದಲ್ಲಿ ಚಿಕ್ಕ ತೂತು, ಅದಕ್ಕೆ ಸೊಳ್ಳೆ ಪರದೆಯ ತುಂಡು. ಒಂದು ಮಳೆಗಾಲ ಕಳೆದ ಮೇಲೆ ಗೊತ್ತಾಗಬೇಕು.

ಜಪಾನಿನ ಜೆಜೆಐ, 22.2 ಕಿಲೋಹರ್ಟ್ಸ್, ಇಲ್ಲಿಂದ 60 ಡಿಗ್ರಿ ದಿಕ್ಕಿಗಿದೆ. ಈಗಿನ ಲೂಪಿಗೆ ಅದರ ಅರ್ಧವೇ ಸಿಗುತ್ತದೆ, ಗಲಾಟೆಯಲ್ಲಿ ಮುಳುಗಿಹೋಗುತ್ತದೆ. ಪೂರ್ವ-ಪಶ್ಚಿಮಕ್ಕೆ ಎರಡನೇ ಲೂಪ್ ಹಾಕಿದರೆ ನೂರಕ್ಕೆ 87 ಸಿಗುತ್ತದೆ, ಮತ್ತು ಸೌಂಡ್ ಕಾರ್ಡಿನ ಇನ್ನೊಂದು ಚಾನೆಲ್ ಹೇಗೂ ಖಾಲಿ ಇದೆ. ಎರಡನ್ನೂ ಒಂದೇ ಕಂಬಕ್ಕೆ ಅಡ್ಡಡ್ಡ ಕಟ್ಟುವಾಗ ಸರಿಯಾಗಿ 90 ಡಿಗ್ರಿ ಇರದಿದ್ದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಇಳಿಯುತ್ತದೆ. ತಂತಿ ತಂದಾಗಿದೆ, ಒಣ ಮರಕ್ಕೆ ಹುಡುಕಾಟ ನಡೆದಿದೆ.